ಅಂಬಾಸಡರ್ ಸಾಮಾನು, ಎಂಜಿಎ ಎಂಜಿನ್: ಹುಬ್ಬಳ್ಳಿಯ ಒಂದು ಪ್ರಕರಣ

ಗಾಡಿ 1957ರ ಎಂಜಿಎ 1500, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. ಮಾಲೀಕರು ಧಾರವಾಡದವರು. ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿಗೆ ಅದು ಬಂದಾಗ ದೂರು ಒಂದೇ ಸಾಲಿನದು: "ನಾಕೂವರಿ ಸಾವಿರ ಆರ್‌ಪಿಎಂ ದಾಟಿದ ಮ್ಯಾಲ ಉಸಿರು ಕಟ್ಟತೈತ್ರೀ." ಬೇಡಿಕೆ ಮಾತ್ರ ಎರಡು. ಭಾನುವಾರ ಊರ ಹೊರಗಿನ ರಸ್ತೆಯಲ್ಲಿ ಬಿಸಿಯಾಗದೆ ಓಡಬೇಕು. ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ಹಳೆಯ ಕಾರುಗಳ ಜೊತೆ ನಾಲ್ಕಾರು ಸುತ್ತು ಜೋರಾಗಿ ಹಾಕಿ, ಅದೇ ಎಂಜಿನ್ನಿನಲ್ಲಿ ಮನೆಗೆ ಬರಬೇಕು.

ಎಂಜಿಎ 1500ರ ಎಂಜಿನ್ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಬಿ-ಸೀರೀಸ್. ಬೋರ್ (ಸಿಲಿಂಡರಿನ ಅಗಲ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 88.9 ಮಿ.ಮೀ., ಒಟ್ಟು 1489 ಸಿಸಿ. ನಮ್ಮ ಅಂಬಾಸಡರ್‌ನಲ್ಲಿ ದಶಕಗಳ ಕಾಲ ಓಡಿದ್ದೂ ಇದೇ ಬೋರ್, ಇದೇ ಸ್ಟ್ರೋಕ್, ಇದೇ ಕುಟುಂಬದ ಎಂಜಿನ್. ಭಾರತದಲ್ಲಿ ಎಂಜಿಎ ಇಟ್ಟುಕೊಂಡವರಿಗೆ ಇದು ವರ. ರಿಂಗು, ಬೇರಿಂಗು, ಗ್ಯಾಸ್ಕೆಟ್, ಪಿಸ್ಟನ್ ಹಳೆಯ ಅಂಗಡಿಗಳ ಅಟ್ಟದ ಮೇಲೆ ಇಂದಿಗೂ ಸಿಗುತ್ತವೆ. ಅದೇ ಕಾರಣಕ್ಕೆ ಶಾಪವೂ ಹೌದು. ಕೂತರೆ ಸಾಕು, ಹೊಂದಿತು ಅನ್ನುವ ಲೆಕ್ಕದಲ್ಲಿ ಐವತ್ತು ವರ್ಷ ಎಲ್ಲ ಮಿಸ್ತ್ರಿಗಳೂ ಅಂಬಾಸಡರ್ ಸಾಮಾನು ಹಾಕುತ್ತ ಬಂದಿದ್ದಾರೆ. ಹೊರಗಿನಿಂದ ನೋಡಿದರೆ ಈ ಗಾಡಿಯಲ್ಲಿ ಎಲ್ಲವೂ ಎಂಜಿಎ: 15ಜಿಬಿ ಎಂದು ಶುರುವಾಗುವ ಎಂಜಿನ್ ನಂಬರ್, ಒಂದೂವರೆ ಇಂಚಿನ ಎರಡು ಎಸ್‌ಯು ಎಚ್4 ಕಾರ್ಬೊರೇಟರ್. ಒಳಗೆ ಏನಿದೆ ಎಂಬುದು ಬೇರೆ ಪ್ರಶ್ನೆ.

ಬಿಚ್ಚುವ ಮೊದಲು

ಮೊದಲ ತಪಾಸಣೆಗೆ ಪಾನಾ ಸಹ ಬೇಕಾಗಲಿಲ್ಲ. ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದಾಗ ಇನ್ನೊಬ್ಬರು ಏರ್ ಕ್ಲೀನರ್ ತೆಗೆದ ಕಾರ್ಬೊರೇಟರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ, ಎರಡೂ ಥ್ರಾಟಲ್ ಚಿಟ್ಟೆಗಳು ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿದ್ದವು. ಪೆಡಲಿನ ಕೆಳಗೆ ದಪ್ಪನೆಯ ಹೊಸ ಕಾರ್ಪೆಟ್, ಜೊತೆಗೆ ಜಗ್ಗಿದ ಕೇಬಲ್. ಇದನ್ನು ಸರಿಮಾಡಿದ್ದಕ್ಕೇ ಮೂರನೇ ಗೇರಿನಲ್ಲಿ ಗಂಟೆಗೆ 60ರಿಂದ 100 ಕಿ.ಮೀ. ಏರುವ ಸಮಯ 13.1 ಸೆಕೆಂಡಿನಿಂದ 12.2ಕ್ಕೆ ಇಳಿಯಿತು. ಇಬ್ಬರು ಕೂತು, ಒಂದೇ ಸಮತಟ್ಟು ರಸ್ತೆಯಲ್ಲಿ, ಎರಡೂ ದಿಕ್ಕಿನಲ್ಲಿ ಮೂರು ಮೂರು ಸಲ ಜಿಪಿಎಸ್ ಲಾಗರಿನಲ್ಲಿ ತೆಗೆದ ಸರಾಸರಿ ಇದು. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಇಲ್ಲದ ಊರಿನಲ್ಲಿ ನಂಬಬಹುದಾದ ಅಳತೆ ಇದೇ. ಮುಂದೆ ಕೊಟ್ಟ ಸಮಯಗಳೆಲ್ಲ ಇದೇ ಕ್ರಮದವು.

ಕಂಪ್ರೆಶನ್ ಟೆಸ್ಟ್, ಎಂಜಿನ್ ಬಿಸಿಯಾಗಿ, ಥ್ರಾಟಲ್ ಪೂರ್ತಿ ತೆರೆದು: 105, 110, 95, 108 ಪಿಎಸ್‌ಐ. ಮೂರನೆಯದಕ್ಕೆ ಒಂದು ಚಮಚ ಎಣ್ಣೆ ಬಿಟ್ಟರೆ 122ಕ್ಕೆ ಏರಿತು, ಅಂದರೆ ರಿಂಗು ಸವೆದಿದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಏಳು ಪ್ರತಿಶತದಷ್ಟು ಕಡಿಮೆ. ಇಂಗ್ಲೆಂಡಿನ ಕೈಪಿಡಿಯ ಅಂಕಿಗೆ ಹೋಲಿಸುವಾಗ ಅಷ್ಟು ಕಳೆಯಬೇಕು. ಕಳೆದರೂ ಇದು ಕಡಿಮೆಯೇ. ಆದರೆ ಸವೆದ ರಿಂಗಿನ ಎಂಜಿನ್ ಎಲ್ಲ ಆರ್‌ಪಿಎಂನಲ್ಲೂ ಸೋಮಾರಿಯಾಗಿರುತ್ತದೆ. ಇದು ಹಾಗಿರಲಿಲ್ಲ. 2000ದಿಂದ 3500ರವರೆಗೆ ಅಚ್ಚುಕಟ್ಟಾಗಿ ಎಳೆಯುತ್ತಿತ್ತು, ಆಮೇಲೆ ಯಾರೋ ಬಾಗಿಲು ಹಾಕಿದ ಹಾಗೆ. ಕೆಳಗೆ ಎಳೆತ, ಮೇಲೆ ಉಸಿರಿಲ್ಲ ಅಂದರೆ ಮೊದಲ ಅನುಮಾನ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಮೇಲೆ.

ಕ್ಯಾಮ್ ಯಾವುದೆಂದು ತಿಳಿಯಲು ಎಂಜಿನ್ ಇಳಿಸಬೇಕಾಗಿಲ್ಲ. ಕ್ರ್ಯಾಂಕ್ ಪುಲ್ಲಿಗೆ 360 ಡಿಗ್ರಿಯ ಅಳತೆ ಚಕ್ರ ಕಟ್ಟಿ, ಮೊದಲ ಸಿಲಿಂಡರಿನ ಪ್ಲಗ್ ತೂತಿನಿಂದ ಪಿಸ್ಟನ್ ತಡೆಗೋಲು ಇಳಿಸಿ, ಎರಡೂ ದಿಕ್ಕಿನಿಂದ ತಿರುಗಿಸಿ ಬರುವ ಎರಡು ಅಂಕಿಗಳ ನಡುಬಿಂದುವೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲಿರುವ ಬಿಂದು. ಪುಲ್ಲಿಯ ಮೇಲಿನ ಹಳೆಯ ಗುರುತನ್ನು ನಂಬಬಾರದು. ಆಮೇಲೆ ಟ್ಯಾಪೆಟ್ ಅಂತರ 17 ಥೌ (ಇಂಚಿನ ಸಾವಿರದ ಹದಿನೇಳು ಪಾಲು) ಇಟ್ಟು, ವಾಲ್ವ್ ಕ್ಯಾಪಿನ ಮೇಲೆ ಡಯಲ್ ಗೇಜ್ ಕೂರಿಸಿ ಕೈಯಿಂದ ನಿಧಾನ ತಿರುಗಿಸಿದಾಗ ಬಂದ ಲೆಕ್ಕ: ಇನ್‌ಲೆಟ್ ವಾಲ್ವ್ ಟಿಡಿಸಿಗೆ 6 ಡಿಗ್ರಿ ಮೊದಲು ತೆರೆದು, ಬಿಡಿಸಿ (ಪಿಸ್ಟನ್ ಅತಿ ಕೆಳಗಿರುವ ಬಿಂದು) ಆದ ಮೇಲೆ 44 ಡಿಗ್ರಿಗೆ ಮುಚ್ಚುತ್ತದೆ. 6+180+44, ಒಟ್ಟು 230. ಎಂಜಿಎಗೆ ಕಾರ್ಖಾನೆ ಕೊಟ್ಟದ್ದು 16 ಮತ್ತು 56, ಒಟ್ಟು 252. ಅಂದರೆ ಒಳಗಿರುವುದು ಮನೆಮಂದಿಯ ಕಾರಿನ ಕ್ಯಾಮ್. ಟ್ಯಾಕ್ಸಿಗೆ ಅದೇ ಸರಿಯಾದ ಕ್ಯಾಮ್. ಐದು ಜನ, ಎರಡು ಟ್ರಂಕು, ನಾಲ್ಕನೇ ಗೇರಿನಲ್ಲೇ ಏರು. 5500 ಆರ್‌ಪಿಎಂನಲ್ಲಿ ಪೂರ್ತಿ ಶಕ್ತಿ ಕೊಡಬೇಕಾದ ಎಂಜಿನ್ನಿಗೆ ಅದು ಮೂಗು ಹಿಡಿದ ಹಾಗೆ.

ಪ್ಲಗ್ಗಿನ ಕಿಡಿ ಟಿಡಿಸಿಗೆ ಎಷ್ಟು ಡಿಗ್ರಿ ಮೊದಲು ಹೊಡೆಯುತ್ತದೆ ಎಂದು ತೋರಿಸುವ ಟೈಮಿಂಗ್ ಲೈಟನ್ನೂ ಹಿಡಿದು ನೋಡಲಾಯಿತು. ಸ್ಟ್ಯಾಟಿಕ್ (ಎಂಜಿನ್ ನಿಂತಾಗಿನದು) 7 ಡಿಗ್ರಿ, 2500 ಆರ್‌ಪಿಎಂನಲ್ಲಿ 26. ಸರಿಯೆನಿಸಿತು, ಅಲ್ಲಿಗೇ ಬಿಟ್ಟೆವು. ಈ ತಪಾಸಣೆ ಅರ್ಧಕ್ಕೆ ನಿಂತದ್ದರ ಬೆಲೆ ಮುಂದೆ ಬರುತ್ತದೆ.

ಏನು ಮಾಡಬಾರದು ಎಂಬುದು ಮೊದಲು

ಮಾಲೀಕರ ಮಿತ್ರರು ಕೊಟ್ಟ ಸಲಹೆಗಳು ಹಲವು. ಅಂಬಾಸಡರ್‌ನ ಇಸುಜು 1.8 ಎಂಜಿನ್ ಕೂರಿಸಿ. ಎಂಜಿಬಿಯ ಐದು ಬೇರಿಂಗಿನ 1798 ಸಿಸಿ ತರಿಸಿ. 300 ಡಿಗ್ರಿಯ ರೇಸ್ ಕ್ಯಾಮ್ ಹಾಕಿ. ಒಂದು ದೊಡ್ಡ ವೆಬರ್ ಕಾರ್ಬೊರೇಟರ್ ಸಾಕು. ಮೊದಲೆರಡನ್ನು ಕೈಬಿಡಲು ಕಾರಣ ಕಾನೂನು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ವಿಎ ಸರಣಿಯಲ್ಲಿ ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ ಅಥವಾ ಎಂಜಿನ್ ಮಾರ್ಪಡಿಸಿದ ದೊಡ್ಡ ರಿಪೇರಿ ಆಗಿರಬಾರದು. ಆ ನಂಬರಿನ ಗಾಡಿ ದಿನನಿತ್ಯದ ಓಡಾಟಕ್ಕೂ ಅಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ. ಮಾಲೀಕರು ಮುಂದೆ ಆ ದಾರಿ ಹಿಡಿಯುವವರು. ಆದ್ದರಿಂದ ನಿಯಮ ಹೀಗೆ ಹಾಕಿಕೊಂಡೆವು: ಎಂಜಿನ್ ನಂಬರಿನ ಬ್ಲಾಕ್ ಅದೇ, ಹೆಡ್ ಅದೇ, ಕಾರ್ಬೊರೇಟರ್ ಅವೇ, ಬೋರ್ ಮಾಡಿದರೂ ಸರ್ವಿಸ್ ಓವರ್‌ಸೈಜಿನೊಳಗೆ, ಬದಲಿಸಿದ ಪ್ರತಿ ಸಾಮಾನೂ ಚೀಟಿ ಕಟ್ಟಿ ಮಾಲೀಕರಿಗೆ ವಾಪಸು. ಕೊನೆಯ ಮಾತು ಹೇಗೂ ಸಾರಿಗೆ ಇಲಾಖೆಯದೇ.

ರೇಸ್ ಕ್ಯಾಮ್ ಬೇಡವೆಂದದ್ದು ಕ್ರ್ಯಾಂಕ್. 1489ರ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಎರಡೆರಡು ಸಿಲಿಂಡರ್ ನಡುವೆ ಆಸರೆ ಇಲ್ಲದ ಉದ್ದನೆಯ ಕ್ರ್ಯಾಂಕ್ ಮೇಲಿನ ಆರ್‌ಪಿಎಂನಲ್ಲಿ ಬಿಲ್ಲಿನಂತೆ ಬಾಗುತ್ತದೆ, ಮೊದಲು ನಡುವಿನ ಬೇರಿಂಗ್ ತಿನ್ನುತ್ತದೆ. 6000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.8 ಮೀಟರ್. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ 1950ರ ದಶಕದ ಕಾನ್‌ರಾಡಿಗೆ ಅದು ಕೊನೆಯ ಗೆರೆ. 300 ಡಿಗ್ರಿಯ ಕ್ಯಾಮ್ ಬಾಯಿ ತೆರೆಯುವುದೇ 4000ದ ಮೇಲೆ, ಅದರ ಶಕ್ತಿ 6500ರಲ್ಲಿ. ಕ್ರ್ಯಾಂಕ್ ಹೋಗಲಾರದ ಕಡೆ ಶಕ್ತಿ ಇಟ್ಟು ಏನು ಮಾಡುವುದು? ಮಿತಿ 5800 ಎಂದು ಗೆರೆ ಎಳೆದು, ಅದರ ಕೆಳಗೆ ತುಂಬಿ ಎಳೆಯುವ 270 ಡಿಗ್ರಿಯ ಕ್ಯಾಮ್ ಆರಿಸಲಾಯಿತು. ಟ್ರ್ಯಾಕಿನಲ್ಲೂ ಇದೇ ವೇಗದ್ದು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ನಾಲ್ಕೇ ಗೇರಿನ ಡಬ್ಬಿಯಲ್ಲಿ ಗೇರ್ ಬದಲಿಸಿದಾಗಲೆಲ್ಲ ಆರ್‌ಪಿಎಂ ದೂರ ಬೀಳುತ್ತದೆ.

ಕೆಳಭಾಗ

ಬ್ಲಾಕ್ ಬಿಚ್ಚಿದಾಗ ಹಿಂದಿನ ಸಿಲಿಂಡರಿನ ಸುತ್ತಲಿನ ನೀರಿನ ಜಾಗದಲ್ಲಿ ಎರಡು ಮುಷ್ಟಿ ತುಕ್ಕು, ಸುಣ್ಣ. ಬೋರ್‌ವೆಲ್ ನೀರಿನ ಕೊಡುಗೆ. ಬಿ-ಸೀರೀಸಿನಲ್ಲಿ ಕಸ ಹಿಂದಕ್ಕೇ ಬಂದು ಕೂರುತ್ತದೆ. ರೇಡಿಯೇಟರ್ ಎಷ್ಟು ಸಲ ತೊಳೆದರೂ ಅದು ಕದಲುವುದಿಲ್ಲ. ಕೋರ್ ಪ್ಲಗ್ ಎಲ್ಲ ತೆಗೆದು, ತಂತಿಯಿಂದ ಕೆರೆದು, ಬಿಸಿ ಕಾಸ್ಟಿಕ್ಕಿನಲ್ಲಿ ಅದ್ದಿ ತೆಗೆದ ಮೇಲೆಯೇ ಬೋರಿಂಗಿಗೆ ಕಳಿಸಿದ್ದು.

ಬೋರ್ ಆಗಲೇ 20 ಥೌ ದೊಡ್ಡದಾಗಿತ್ತು, ಅದರ ಮೇಲೆ 0.15 ಮಿ.ಮೀ. ಸವೆತ. ಮುಂದಿನ ಅಳತೆ 40 ಥೌ, ಅಂದರೆ 74.04 ಮಿ.ಮೀ.; ಒಟ್ಟು 1531 ಸಿಸಿ. ಪಿಸ್ಟನ್ ಅಂಬಾಸಡರಿನ ಓವರ್‌ಸೈಜ್ ಸೆಟ್. ಇಲ್ಲಿ ಅಂಬಾಸಡರ್ ಸಾಮಾನಿಗೆ ನಮ್ಮ ತಕರಾರಿಲ್ಲ, ಅಳೆದು ಹಾಕಿದರೆ ಸಾಕು. ತೂಕದಲ್ಲಿ ನಾಲ್ಕರ ನಡುವೆ 7 ಗ್ರಾಂ ವ್ಯತ್ಯಾಸವಿತ್ತು. ಪಿನ್ ಗುಬ್ಬಿಯ ಒಳಬದಿ ಕೆರೆದು 1 ಗ್ರಾಂ ಒಳಗೆ ತರಲಾಯಿತು. ಈ ಎಂಜಿನ್ನಿನ ಕಾನ್‌ರಾಡ್ ಗಜನ್ ಪಿನ್ನನ್ನು (ಪಿಸ್ಟನ್ ಹಿಡಿದ ಪಿನ್) ಮೇಲ್ತುದಿಯಲ್ಲಿ ಒಂದು ಬೋಲ್ಟಿನಿಂದ ಬಿಗಿಹಿಡಿಯುವ ಮಾದರಿಯದು. ಪಿನ್ನಿನ ತೋಡು ಆ ಬೋಲ್ಟಿಗೆ ನೇರ ಕೂರದೆ ಬಿಗಿದರೆ ಬೋಲ್ಟ್ ಸೊಟ್ಟಾಗುತ್ತದೆ, ಪಿನ್ ಸರಿದು ಗೋಡೆ ಗೀರುತ್ತದೆ. ಆ ನಾಲ್ಕು ಬೋಲ್ಟು, ಬಿಗ್ ಎಂಡಿನ (ಕ್ರ್ಯಾಂಕ್ ಹಿಡಿಯುವ ಕೆಳತುದಿ) ಎಂಟು ಬೋಲ್ಟು ಹೊಸವೇ ಆಗಬೇಕು. ಇಲ್ಲಿ ಉಳಿಸಿದ ದುಡ್ಡು ಉಳಿತಾಯವಲ್ಲ.

ಕ್ರ್ಯಾಂಕನ್ನು ಬೆಳಗಾವಿಗೆ ಕಳಿಸಿ ಬಿರುಕು ಪರೀಕ್ಷೆ, 10 ಥೌ ಗ್ರೈಂಡಿಂಗ್, ಫ್ಲೈವೀಲ್ ಮತ್ತು ಕ್ಲಚ್ ಕವರ್ ಸಹಿತ ಡೈನಾಮಿಕ್ ಬ್ಯಾಲೆನ್ಸಿಂಗ್ ಮಾಡಿಸಲಾಯಿತು. ಗ್ರೈಂಡಿಂಗಿನವರಿಗೆ ಬಾಯಲ್ಲಿ ಹೇಳದೆ ಬರೆದು ಕೊಟ್ಟದ್ದು ಒಂದೇ: ಜರ್ನಲ್ (ಬೇರಿಂಗಿನಲ್ಲಿ ತಿರುಗುವ ಭಾಗ) ಮೂಲೆಯ ದುಂಡಗಿನ ತಿರುವು ಉಳಿಯಬೇಕು. ಕಲ್ಲಿನ ಅಂಚು ಚೂಪಾಗಿದ್ದರೆ ಮೂಲೆ ಚೌಕಾಗುತ್ತದೆ, ಮೂರು ಬೇರಿಂಗಿನ ಕ್ರ್ಯಾಂಕ್ ಬಿರುಕು ಬಿಡುವುದು ಅಲ್ಲಿಂದಲೇ. ಮೇನ್ ಮತ್ತು ಬಿಗ್ ಎಂಡ್ ಎರಡಕ್ಕೂ 0.05 ಮಿ.ಮೀ. ಎಣ್ಣೆ ಅಂತರ, ಮೇನ್ 70 ಫುಟ್-ಪೌಂಡ್, ಬಿಗ್ ಎಂಡ್ 35. ಫ್ಲೈವೀಲ್ ಹಗುರ ಮಾಡಲಿಲ್ಲ. ಮಾಲೀಕರಿಗೆ ಆಸೆಯಿತ್ತು, ಘಟ್ಟದ ಏರಿನಲ್ಲಿ ನಿಂತು ಹೊರಡುವ ಗಾಡಿಗೆ ಅದು ಶಿಕ್ಷೆ.

ಹೆಡ್ಡು ಮತ್ತು ಲೆಕ್ಕ

ಕಂಪ್ರೆಶನ್ ಅನುಪಾತ (ಸಿಲಿಂಡರಿನೊಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ) ಎಷ್ಟಿದೆ ಎಂದು ಕೈಪಿಡಿ ನೋಡಿ ಹೇಳಬಾರದು, ಅಳೆಯಬೇಕು. ಎಂಜಿಎ 1500ಕ್ಕೆ ಬರೆದಿರುವುದು 8.3. ಈ ಪಿಸ್ಟನ್, ಈ ಗ್ಯಾಸ್ಕೆಟ್, ಈ ಹೆಡ್ಡಿಗೆ ಎಷ್ಟು?

ಹೆಡ್ಡನ್ನು ತಿರುವಿ ಹಾಕಿ, ಪ್ಲಗ್ ಬಿಗಿದು, ವಾಲ್ವಿಗೆ ಗ್ರೀಸ್ ಸವರಿ, ಮೇಲೆ ತೂತಿರುವ ದಪ್ಪ ಅಕ್ರಿಲಿಕ್ ಹಲಗೆ ಒತ್ತಿ, ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಟ್ಟು ತುಂಬಿಸಿದಾಗ ನಾಲ್ಕು ಕೋಣೆಗಳು 37.6ರಿಂದ 39.2 ಸಿಸಿವರೆಗೆ ಬಂದವು. ಚಿಕ್ಕವನ್ನು ಕೆರೆದು ಎಲ್ಲವನ್ನೂ 39.2ಕ್ಕೆ ತಂದದ್ದು ಮೊದಲ ಕೆಲಸ. ಕೆರೆದದ್ದು ಇನ್‌ಲೆಟ್ ವಾಲ್ವಿನ ಬಗಲಿನ ಗೋಡೆಯನ್ನು, ಗಾಳಿಗೆ ದಾರಿಯೂ ಆಯಿತು. ಇನ್ನುಳಿದವು: ಬಿಗಿದಾಗ 0.9 ಮಿ.ಮೀ. ಆಗುವ ಗ್ಯಾಸ್ಕೆಟ್ 4.1 ಸಿಸಿ, ಪಿಸ್ಟನ್ನಿನ ತಲೆಯ ಗುಳಿ 8.0, ಪಿಸ್ಟನ್ ಬ್ಲಾಕಿನ ಮೇಲ್ಮೈಗಿಂತ 0.55 ಮಿ.ಮೀ. ಕೆಳಗೆ ನಿಲ್ಲುವುದರಿಂದ 2.4. ಒಟ್ಟು 53.7. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಓಡುವ ಜಾಗ 382.8. ಎರಡನ್ನೂ ಕೂಡಿ 53.7ರಿಂದ ಭಾಗಿಸಿದರೆ 8.1. ಸುಮ್ಮನೆ ಜೋಡಿಸಿದ್ದರೆ ಹಳೆಯದಕ್ಕಿಂತ ಕಡಿಮೆ ಕಂಪ್ರೆಶನ್ನಿನ 'ರೇಸ್ ಎಂಜಿನ್' ಆಗುತ್ತಿತ್ತು.

ಗುರಿ 9.0. 95 ಆಕ್ಟೇನ್ ಪೆಟ್ರೋಲ್, ಎರಕದ ಕಬ್ಬಿಣದ ಹೆಡ್, ಏಪ್ರಿಲ್ ಬಿಸಿಲು ಮೂರನ್ನೂ ಲೆಕ್ಕಕ್ಕೆ ಹಿಡಿದರೆ ಅದರ ಮೇಲೆ ಹೋಗುವ ಧೈರ್ಯ ಬೇಡ. 9.0ಕ್ಕೆ ಒಟ್ಟು ಜಾಗ 47.8 ಸಿಸಿ, ಅಂದರೆ 5.9 ಕಡಿಮೆಯಾಗಬೇಕು. ಬ್ಲಾಕಿನ ಮೇಲ್ಮೈ 0.4 ಮಿ.ಮೀ. ಫೇಸಿಂಗ್ ಮಾಡಿದ್ದರಿಂದ (ಸಮತಟ್ಟಾಗಿ ಕೆರೆದು ತೆಗೆದದ್ದರಿಂದ) 1.7 ಹೋಯಿತು. ಕೋಣೆಯ ಬಾಯಿಯ ಆಕಾರವನ್ನು ಗ್ರಾಫ್ ಕಾಗದದ ಮೇಲೆ ಒತ್ತಿ ಚೌಕ ಎಣಿಸಿದಾಗ 32 ಚದರ ಸೆಂ.ಮೀ.; ಅಂದರೆ ಹೆಡ್ಡಿನ ಪ್ರತಿ ಮಿಲಿಮೀಟರಿಗೆ 3.2 ಸಿಸಿ. 1.3 ಮಿ.ಮೀ. ತೆಗೆದರೆ 4.2. ಲೆಕ್ಕ ಮುಗಿಯಿತು. ತೆಗೆದ ಮೇಲೆ ಮತ್ತೆ ಸೀಮೆಎಣ್ಣೆ ಬಿಟ್ಟು ನೋಡಲೇಬೇಕು, ಕೋಣೆಯ ಗೋಡೆ ಎಲ್ಲೆಡೆ ನೆಟ್ಟಗಿರುವುದಿಲ್ಲ.

ಭಾರತದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರುವರಿ 1ರಿಂದ ಪೂರ್ತಿ ನಿಂತಿದೆ. ಈ ಹೆಡ್ಡಿನ ಎಕ್ಸಾಸ್ಟ್ ಸೀಟುಗಳು ಅದಾದಮೇಲೆ ಮಿಲಿಮೀಟರಿನಷ್ಟು ಒಳಗೆ ಹೂತುಹೋಗಿದ್ದವು. ನಾಲ್ಕಕ್ಕೂ ಗಟ್ಟಿ ಸೀಟ್ ರಿಂಗ್, ಹೊಸ ಗೈಡ್. ವಾಲ್ವ್ ಅಳತೆ ಮೂಲದ್ದೇ: ಇನ್‌ಲೆಟ್ 38.1, ಎಕ್ಸಾಸ್ಟ್ 32.5 ಮಿ.ಮೀ. ಈ ಹೆಡ್ಡಿಗೆ ಇನ್‌ಲೆಟ್ ದಾರಿ ಎರಡೇ, ನಡುವಿನ ಎಕ್ಸಾಸ್ಟ್ ಎರಡು ಸಿಲಿಂಡರಿಗೂ ಸೇರಿ ಒಂದೇ. ದಾರಿ ಅಗಲ ಮಾಡುವುದಕ್ಕಿಂತ ವಾಲ್ವಿನ ಹಿಂದಿನ ಬಟ್ಟಲು ನುಣುಪು ಮಾಡಿ, ಗೈಡಿನ ಗುಬ್ಬಿ ಸಣ್ಣಗೆ ಮಾಡಿ, ಸೀಟನ್ನು ಮೂರು ಕೋನದಲ್ಲಿ ಕತ್ತರಿಸಿದರೆ ಫಲ ಹೆಚ್ಚು.

ಬ್ಲಾಕು, ಹೆಡ್ಡು ಸೇರಿ 1.7 ಮಿ.ಮೀ. ಗಿಡ್ಡವಾದವು, ಪುಶ್‌ರಾಡ್ ಅಷ್ಟೇ ಉದ್ದವಿದೆ. ಹಾಗೇ ಬಿಟ್ಟರೆ ರಾಕರಿನ ಮೂತಿ ವಾಲ್ವ್ ತುದಿಯ ಅಂಚನ್ನು ಉಜ್ಜುತ್ತದೆ, ಹೊಸ ಗೈಡ್ ಬೇಗ ಸಡಿಲಾಗುತ್ತದೆ. ರಾಕರ್ ಕಂಬಗಳ ಕೆಳಗೆ 1.2 ಮಿ.ಮೀ. ಉಕ್ಕಿನ ಪಟ್ಟಿ ಇಟ್ಟು ಸರಿದೂಗಿಸಲಾಯಿತು. ಈ ಕೆಲಸದಲ್ಲಿ ಎರಡು ಹೊಂಡಗಳಿವೆ. ಒಂದು ಕಂಬದ ಮೂಲಕ ರಾಕರ್ ಶಾಫ್ಟಿಗೆ ಎಣ್ಣೆ ಏರುತ್ತದೆ; ಅದರ ಪಟ್ಟಿಗೆ ತೂತು ಹೊಡೆಯದಿದ್ದರೆ ಇಡೀ ಶಾಫ್ಟ್ ಒಣಗುತ್ತದೆ. ಎರಡನೆಯದು, ಹನ್ನೊಂದು ಹೆಡ್ ನಟ್ಟುಗಳಲ್ಲಿ ನಾಲ್ಕು ಈ ಕಂಬಗಳನ್ನೂ ಹಿಡಿದಿವೆ. ರಾಕರ್ ಮಾತ್ರ ಬಿಚ್ಚುತ್ತೇನೆಂದು ಆ ನಾಲ್ಕನ್ನು ಸಡಿಲಿಸಿದರೆ ಹೆಡ್ ಒಂದು ಬದಿ ಎದ್ದು ಗ್ಯಾಸ್ಕೆಟಿನೊಳಗೆ ನೀರು ನುಗ್ಗುತ್ತದೆ. ನೀರು ಇಳಿಸಿ, ಹನ್ನೊಂದನ್ನೂ ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಬಿಗಿಯುವಾಗ ನಡುವಿನಿಂದ ಹೊರಕ್ಕೆ, 50 ಫುಟ್-ಪೌಂಡ್.

ಹೊಸ ಕ್ಯಾಮ್ ಕೂರಿಸಿದಾಗ ಅದರ ಚೀಟಿಯಲ್ಲಿ ಇನ್‌ಲೆಟ್ ಪೂರ್ತಿ ಎತ್ತುವುದು ಟಿಡಿಸಿ ದಾಟಿ 108 ಡಿಗ್ರಿಗೆ ಎಂದಿತ್ತು. ಪಲ್ಲೆಗಳ (ಚೈನು ಓಡುವ ಹಲ್ಲುಚಕ್ರ) ಚುಕ್ಕಿ ಚುಕ್ಕಿಗೆ ಸರಿಯಾಗಿ ಕೂಡಿಸಿದ ಮೇಲೂ ಅಳತೆ ಚಕ್ರ ತೋರಿಸಿದ್ದು 113. ಚೈನು ಮತ್ತು ಪಲ್ಲೆಗಳ ಸಣ್ಣ ಸಣ್ಣ ವ್ಯತ್ಯಾಸ ಕೂಡಿ 5 ಡಿಗ್ರಿ ತಡ. ಕ್ಯಾಮ್ ಪಲ್ಲೆಗೆ ಓರೆ ಕೀ ಹಾಕಿ ಸರಿಪಡಿಸಲಾಯಿತು. ಚುಕ್ಕಿ ನೋಡಿ ಮುಚ್ಚಿದ್ದರೆ ಕೆಳಗಿನ ಎಳೆತ ಹೋಗಿ, ಹೊಸ ಕ್ಯಾಮನ್ನೇ ಬೈಯುತ್ತ ಕೂರಬೇಕಾಗುತ್ತಿತ್ತು. ಹಳೆಯ ಟ್ಯಾಪೆಟ್ಟನ್ನು ಹೊಸ ಕ್ಯಾಮಿನ ಮೇಲೆ ಇಡಬಾರದು. ಮೊದಲ ಸ್ಟಾರ್ಟಿನಲ್ಲಿ ಸ್ಲೋ ಬಿಡದೆ 20 ನಿಮಿಷ 2000ದ ಮೇಲೆಯೇ ಇಡಬೇಕು, ಏಕೆಂದರೆ ಕ್ಯಾಮಿಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಚಿಮ್ಮಿಸಿದ್ದರಿಂದ. ಎಣ್ಣೆ 20ಡಬ್ಲ್ಯು-50, ಜಿಂಕ್ ಹೆಚ್ಚಿರುವುದು.

ಇಂಧನದ ಕಡೆ ಕೆಲಸ ಸಣ್ಣದು, ಆದರೆ ಬಿಡುವಂತಿಲ್ಲ. 20 ಪ್ರತಿಶತ ಎಥನಾಲ್ ಹಳೆಯ ರಬ್ಬರ್ ಪೈಪನ್ನು ಒಳಗಿನಿಂದ ಉದುರಿಸಿ ಫ್ಲೋಟ್ ಸೂಜಿಗೆ ಕಸ ಕಟ್ಟಿಸುತ್ತದೆ. ಎಥನಾಲ್ ತಾಳುವ ಆರ್9 ದರ್ಜೆಯ ಪೈಪು, ಹೊಸ ಸೀಲು ಹಾಕಲಾಯಿತು. ಬಿ-ಸೀರೀಸಿನಲ್ಲಿ ಕಾರ್ಬೊರೇಟರೂ ಎಕ್ಸಾಸ್ಟೂ ಒಂದೇ ಬದಿಗೆ. ಹುಬ್ಬಳ್ಳಿ-ಧಾರವಾಡ ನಡುವಿನ ಟ್ರಾಫಿಕ್ಕಿನಲ್ಲಿ ನಿಂತರೆ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಕುದಿಯುತ್ತದೆ. ನಡುವೆ 1.5 ಮಿ.ಮೀ. ಅಲ್ಯುಮಿನಿಯಂ ತಗಡು, ಎಕ್ಸಾಸ್ಟ್ ಬದಿಗೆ ಸೆರಾಮಿಕ್ ಹಾಸು. ಹೀಗೆ ಜೋಡಿಸಿ, ಲ್ಯಾಂಬ್ಡಾ ಮೀಟರ್ (ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯುವುದು; 1ಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು) ಹಾಕಿ ಹುಬ್ಬಳ್ಳಿಯ ಸುತ್ತ ಓಡಿಸಿದಾಗ ಪೂರ್ತಿ ಥ್ರಾಟಲಿನಲ್ಲಿ 0.93 ಬಂತು. ಕಂಪ್ರೆಶನ್ ಟೆಸ್ಟಿನಲ್ಲಿ 150ರಿಂದ 154 ಪಿಎಸ್‌ಐ. 500 ಕಿ.ಮೀ. ಆದಮೇಲೆ ಹೆಡ್ ತಣ್ಣಗಿರುವಾಗ ಮತ್ತೆ ಬಿಗಿದದ್ದಾಯಿತು. 60ರಿಂದ 100ಕ್ಕೆ 8.4 ಸೆಕೆಂಡ್.

ಅರಬೈಲ್ ಘಟ್ಟದಲ್ಲಿ

800 ಕಿ.ಮೀ. ಸುಸೂತ್ರ. ಮೇ ತಿಂಗಳಲ್ಲಿ ಮಾಲೀಕರು ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಹೋದರು. ಮರಳುವಾಗ ಅರಬೈಲ್ ಏರು, ಮುಂದೆ ಅದಿರಿನ ಲಾರಿ, ಮೂರನೇ ಗೇರು, ಪೂರ್ತಿ ಥ್ರಾಟಲ್. ಮೊದಲು ಗಾಜಿನ ಗೋಲಿ ಅಲುಗಿಸಿದಂತೆ ಟಣಟಣ ಶಬ್ದ, ಅರ್ಧ ಘಟ್ಟದಲ್ಲಿ ಎರಡು ಸಿಲಿಂಡರ್ ಮಾತ್ರ ಹೊಡೆಯುವ ಸದ್ದು. ಗಾಡಿ ಟೋಯಿಂಗಿನಲ್ಲಿ ಬಂತು.

ಕಂಪ್ರೆಶನ್ ಈಗ 152, 60, 60, 150. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದರೆ ನಡುವಿನ ಗ್ಯಾಸ್ಕೆಟ್ ಹೋದದ್ದು ಖಾತ್ರಿ. ಎರಡು-ಮೂರರ ನಡುವೆ ಹೋದದ್ದಕ್ಕೂ ಕಾರಣವಿದೆ: ಆ ಎರಡರ ಎಕ್ಸಾಸ್ಟ್ ಒಂದೇ ದಾರಿ ಹಿಡಿಯುವ ಜಾಗ ಅದು, ಹೆಡ್ಡಿನಲ್ಲೇ ಅತಿ ಬಿಸಿ. ಆದರೆ ಗ್ಯಾಸ್ಕೆಟ್ ರೋಗವಲ್ಲ, ಲಕ್ಷಣ. ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಅಲ್ಯುಮಿನಿಯಂ ಚುಕ್ಕೆಗಳು, ಪಿಸ್ಟನ್ನಿನ ಅಂಚಿನಲ್ಲಿ ಸೂಜಿ ಚುಚ್ಚಿದಂಥ ಗುರುತು. ಡೆಟೊನೇಶನ್, ಅಂದರೆ ಮಿಶ್ರಣ ಹದವಾಗಿ ಉರಿಯದೆ ಒಮ್ಮೆಗೇ ಸಿಡಿದದ್ದು. ಹೊಸ ಗ್ಯಾಸ್ಕೆಟ್ ಹಾಕಿ ಕಳಿಸಿದ್ದರೆ ಮುಂದಿನ ಸಲ ಹೋಗುತ್ತಿದ್ದುದು ಪಿಸ್ಟನ್.

ಹುಬ್ಬಳ್ಳಿಯಲ್ಲಿ ಏಕೆ ಬರಲಿಲ್ಲ? ಎಸ್‌ಯು ಕಾರ್ಬೊರೇಟರ್ ಗಾಳಿಯ ಸಾಂದ್ರತೆಯನ್ನು ಪೂರ್ತಿ ಸರಿದೂಗಿಸುವುದಿಲ್ಲ. ಮಿಶ್ರಣ ಬದಲಾಗುವುದು ಸಾಂದ್ರತೆಯ ವರ್ಗಮೂಲದ ಪ್ರಮಾಣದಲ್ಲಿ. 640 ಮೀಟರಿನಲ್ಲಿ 0.93 ಇದ್ದದ್ದು ಕಡಲ ಮಟ್ಟದಲ್ಲಿ 0.97ರ ಹತ್ತಿರ ಹೋಗುತ್ತದೆ. ಆಮೇಲೆ ಕರಾವಳಿಗೆ ಇಳಿದು ಅಳೆದಾಗಲೂ ಬಂದದ್ದು ಅದೇ. ಸಿಲಿಂಡರಿಗೆ ಬೀಳುವ ಗಾಳಿ ಏಳು ಪ್ರತಿಶತ ಹೆಚ್ಚು, ಮಿಶ್ರಣ ಬಡವು, ಮೇ ತಿಂಗಳ ಸೆಕೆ. ಮೂರೂ ಒಂದೇ ಕಡೆ ತಳ್ಳಿದವು. ಎತ್ತರದ ಊರಿನಲ್ಲಿ ಟ್ಯೂನ್ ಮಾಡಿದ ಎಂಜಿನ್ನಿನ ನಿಜವಾದ ಪರೀಕ್ಷೆ ತಗ್ಗಿನ ಊರಿನಲ್ಲಿ. ಕೊಯಮತ್ತೂರು ಸಹ ಹುಬ್ಬಳ್ಳಿಗಿಂತ ತಗ್ಗಿನಲ್ಲೇ ಇದೆ. ಘಟ್ಟದಲ್ಲಿ ಆಗದಿದ್ದರೆ ಇದು ಟ್ರ್ಯಾಕಿನಲ್ಲಿ ಆಗುತ್ತಿತ್ತು.

ಇಷ್ಟೇ ಆಗಿದ್ದರೆ ಶಬ್ದ ಬಂದು ನಿಲ್ಲುತ್ತಿತ್ತೇನೋ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿದಾಗ ಉಳಿದರ್ಧ ಸಿಕ್ಕಿತು. ಅದೂ ಅಂಬಾಸಡರಿನದು, ಒಳಗಿನ ಕ್ಯಾಮಿನ ಕೆಳಗೆ ಕೆತ್ತಿದ ಅಂಕಿ 15, ಅಂದರೆ ಅಡ್ವಾನ್ಸ್ (ವೇಗ ಏರಿದಂತೆ ಕಿಡಿ ಮುಂಚೆ ಹೊಡೆಯುವುದು) ಹೆಚ್ಚೆಂದರೆ 15 ಡಿಗ್ರಿ. ಡಿಸ್ಟ್ರಿಬ್ಯೂಟರಿನ 15 ಕ್ರ್ಯಾಂಕಿನ 30. ಸ್ಟ್ಯಾಟಿಕ್ 7 ಕೂಡಿ 37. ಎರಡು ಸ್ಪ್ರಿಂಗಿನಲ್ಲಿ ಒಂದು ಬಿರುಸಾದ್ದರಿಂದ 2500ಕ್ಕೆ 26 ತೋರಿಸಿ, ಆಮೇಲೂ ಏರುತ್ತಲೇ ಇತ್ತು. ಹಳೆಯ ಕ್ಯಾಮಿನ ಕಾಲದಲ್ಲಿ ಆ ಆರ್‌ಪಿಎಂನಲ್ಲಿ ಸಿಲಿಂಡರ್ ತುಂಬುತ್ತಲೇ ಇರಲಿಲ್ಲ, ಆದ್ದರಿಂದ ಹೆಚ್ಚಿನ ಅಡ್ವಾನ್ಸ್ ಯಾರಿಗೂ ಕೇಳಿಸಲಿಲ್ಲ. ಮೊದಲ ದಿನ ಟೈಮಿಂಗ್ ಲೈಟನ್ನು 5000ದವರೆಗೆ ಹಿಡಿಯಬೇಕಿತ್ತು. ಹಿಡಿಯದ ತಪ್ಪು ವರ್ಕ್‌ಶಾಪಿನದೇ, ಎರಡನೇ ಸಲದ ಕೂಲಿ ಮಾಲೀಕರಿಗೆ ಹಾಕಲಿಲ್ಲ.

ಸರಿಪಡಿಸಿದ್ದು ಹೀಗೆ. ಡಿಸ್ಟ್ರಿಬ್ಯೂಟರಿನ ತಡೆ ಬಡಿಯುವ ಜಾಗಕ್ಕೆ ಹಿತ್ತಾಳೆ ಬ್ರೇಜಿಂಗ್ ತುಂಬಿ, ಅರದಿಂದ ಉಜ್ಜಿ 12 ಡಿಗ್ರಿಗೆ ನಿಲ್ಲಿಸಲಾಯಿತು. ಕ್ರ್ಯಾಂಕಿನಲ್ಲಿ 24, ಸ್ಟ್ಯಾಟಿಕ್ 8, ಒಟ್ಟು 32. 4000ಕ್ಕೆ ಮುಗಿಯಬೇಕು, ಆಮೇಲೆ ಕದಲಬಾರದು. 5500ರವರೆಗೆ ಲೈಟ್ ಹಿಡಿದು ನೋಡಿದ್ದಾಯಿತು. ಕಾರ್ಬೊರೇಟರಿನ ಸೂಜಿಗೆ ಲೆಕ್ಕ ಬೇಕು, ಊಹೆ ಸಾಲದು. ಜೆಟ್ 90 ಥೌ, ಅಂದರೆ 2.286 ಮಿ.ಮೀ. ಸೂಜಿಯ ಗುರುತುಗಳು ಇಂಚಿನ ಎಂಟನೇ ಒಂದರ ಅಂತರದಲ್ಲಿರುತ್ತವೆ. ತೊಂದರೆ ಕೊಟ್ಟ ಆರ್‌ಪಿಎಂನಲ್ಲಿ ಕೆಲಸ ಮಾಡುವ 6ನೇ ಗುರುತಿನಲ್ಲಿ ದಪ್ಪ 1.90. ಜೆಟ್ಟಿಗೂ ಸೂಜಿಗೂ ನಡುವಿನ ಬಳೆಯಾಕಾರದ ಜಾಗ 1.27 ಚದರ ಮಿ.ಮೀ. 0.97ರಿಂದ 0.87ಕ್ಕೆ ಬರಲು ಅದು ಹನ್ನೊಂದೂವರೆ ಪ್ರತಿಶತ ಹಿಗ್ಗಬೇಕು, 1.85 ದಪ್ಪಕ್ಕೆ 1.415 ಬರುತ್ತದೆ. ಅಂದರೆ ತೆಗೆಯಬೇಕಾದ್ದು ಐದು ನೂರಾಂಶ ಮಿ.ಮೀ. ಮಾತ್ರ. ಸೂಜಿಯನ್ನು ಸಣ್ಣ ಲೇಥಿನಲ್ಲಿ ನಿಧಾನ ತಿರುಗಿಸಿ 1000 ನಂಬರಿನ ಎಮರಿಗೆ ಎಣ್ಣೆ ಹಚ್ಚಿ, ಎರಡೆರಡು ಉಜ್ಜಿಗೊಮ್ಮೆ ಮೈಕ್ರೋಮೀಟರ್ ಇಟ್ಟು, ಎರಡೂ ಸೂಜಿ ಒಂದೇ ಅಳತೆಗೆ ತರಬೇಕು. ಮೇಲಿನ ಮೂರು ಗುರುತು ಮುಟ್ಟಬಾರದು, ಅವು ಸ್ಲೋ ಮತ್ತು ಊರೊಳಗಿನ ಓಟದ್ದು. ಹುಬ್ಬಳ್ಳಿಯಲ್ಲಿ ಈಗ 0.84 ಬರುತ್ತದೆ. ಸ್ವಲ್ಪ ಹೆಚ್ಚೇ ಕುಡಿಯುತ್ತದೆ, ಇರಲಿ.

ಕಂಪ್ರೆಶನ್ 9.0 ಹಾಗೇ ಉಳಿಯಿತು. ಹೆಡ್ಡಿನ ಮೇಲ್ಮೈ ಸ್ಕೇಲ್ ಇಟ್ಟು ನೋಡಿದಾಗ 0.05 ಮಿ.ಮೀ. ಒಳಗೇ ಇದ್ದುದರಿಂದ ಮತ್ತೆ ಫೇಸಿಂಗ್ ಬೇಕಾಗಲಿಲ್ಲ. ಮೂರನೇ ಪಿಸ್ಟನ್ನಿನ ರಿಂಗ್ ತೋಡುಗಳು ಸರಿಯಿದ್ದವು, ತಲೆಯ ಚೂಪು ಗುರುತುಗಳನ್ನು ಉಜ್ಜಿ ಅದನ್ನೇ ಹಾಕಲಾಯಿತು.

ಈಗಿನ ಸ್ಥಿತಿ

60ರಿಂದ 100ಕ್ಕೆ 8.5 ಸೆಕೆಂಡ್, ಅಡ್ವಾನ್ಸ್ ಇಳಿಸಿ ಪೆಟ್ರೋಲ್ ಏರಿಸಿದ್ದಕ್ಕೆ ಕಳೆದದ್ದು ಸೆಕೆಂಡಿನ ಹತ್ತನೇ ಒಂದು. ಅರಬೈಲ್ ಏರನ್ನು ಅದೇ ಬಿಸಿಲಿನಲ್ಲಿ, ಅದೇ ಗೇರಿನಲ್ಲಿ, ಇಬ್ಬರು ಕೂತು ಎರಡು ಸಲ ಹತ್ತಿಸಲಾಗಿದೆ. ಶಬ್ದವಿಲ್ಲ. ಏರು ಮುಗಿದಾಗ ಎಣ್ಣೆಯ ಒತ್ತಡ 3000ದಲ್ಲಿ 45 ಪಿಎಸ್‌ಐ.

ರಸ್ತೆಗೂ ಟ್ರ್ಯಾಕಿಗೂ ನಡುವೆ ಬದಲಿಸುವುದು ಎರಡೇ: ಪ್ಲಗ್ ಎನ್‌ಜಿಕೆ ಬಿಪಿ6ಇಎಸ್ ಬದಲು ಒಂದು ಮೆಟ್ಟಿಲು ತಂಪಾದ ಬಿಪಿ7ಇಎಸ್, ಎಣ್ಣೆ ಹೊಸದು, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೆ ಸರಿಯಾಗಿ. ಸ್ಟ್ಯಾಟಿಕ್ ಟೈಮಿಂಗ್ ಮುಟ್ಟುವುದೇ ಇಲ್ಲ, ಆದರೆ ಟ್ಯಾಪೆಟ್ ಅಂತರ ಬಿಸಿಯಲ್ಲಿ 16 ಥೌ ಇದೆಯೇ ಎಂದು ಓಟದ ಮೊದಲೂ ನಂತರವೂ ನೋಡಬೇಕು. ಎಕ್ಸಾಸ್ಟ್ ಒಂದರಲ್ಲಿ ಅಂತರ ಕಡಿಮೆಯಾಗುತ್ತ ಬಂದರೆ ಆ ವಾಲ್ವ್ ಸೀಟಿನೊಳಗೆ ಹೂತುಹೋಗುತ್ತಿದೆ ಎಂದರ್ಥ.

ಉಳಿದಿರುವುದು ಹಿಂದಿನ ಮೇನ್ ಬೇರಿಂಗಿನ ಎಣ್ಣೆ. ಈ ಎಂಜಿನ್ನಿಗೆ ಅಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಸುರುಳಿ ಎಣ್ಣೆಯನ್ನು ಒಳಕ್ಕೆ ತಿರುಗಿಸುತ್ತದೆ, ಗಾಡಿ ನಿಂತಾಗ ಸುರುಳಿಯೂ ನಿಲ್ಲುತ್ತದೆ. ಬಂದಾಗ ಟ್ಯಾಪೆಟ್ ಕವರಿನ ಗಾಳಿ ಪೈಪಿನ ಬಾಯಿಗೆ ಯಾರೋ ಬಟ್ಟೆ ತುರುಕಿದ್ದರು, ವಾಸನೆ ಬರುತ್ತದೆಂದು. ಆಗ ಒಳಗಿನ ಒತ್ತಡವೆಲ್ಲ ಹಿಂದಿನಿಂದ ಎಣ್ಣೆ ತಳ್ಳುತ್ತಿತ್ತು. ಬಟ್ಟೆ ತೆಗೆದಮೇಲೆ ರಾತ್ರಿಗೆ ಎರಡು ಹನಿ. ಅದಕ್ಕಿಂತ ಹೆಚ್ಚಾದರೆ ಮೊದಲು ನೋಡಬೇಕಾದ್ದು ಆ ಪೈಪನ್ನೇ, ಎಂಜಿನ್ ಇಳಿಸುವುದು ಆಮೇಲೆ. 5000 ಕಿ.ಮೀ.ಗೆ ಸಂಪ್ ಬಿಚ್ಚಿ ನಡುವಿನ ಮೇನ್ ಬೇರಿಂಗ್ ನೋಡುವುದೆಂದು ಕಾರ್ಡಿನಲ್ಲಿ ಬರೆದು ಕೊಡಲಾಗಿದೆ.